ಪುನರುಕ್ತಿ: ನೂರಾ ನಲವತ್ತು

ಬಣಕಾರರ ಮನೆಯಲ್ಲಿ ಜಗಳ ನಿಂತು ಎಂಟು ತಿಂಗಳಾಗಿತ್ತು. ಬ್ಯಾಡಗಿಯ ಆ ಓಣಿಗೆ ಇದು ಸಣ್ಣ ಸುದ್ದಿಯಲ್ಲ. ಫಕೀರೇಶ ಬಣಕಾರ ಬಾಯಿ ತೆಗೆದನೆಂದರೆ, ಅವನ ಮನೆಯಲ್ಲಿ ಇವತ್ತು ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದು ಮೂರು ಮನೆಯಾಚೆ ಒಲೆ ಮುಂದೆ ಕೂತವರಿಗೂ ತಿಳಿಯುತ್ತಿತ್ತು. ಹೆಂಡತಿ ಕಸ್ತೂರಿಯೂ ಕಡಿಮೆಯವಳೇನಲ್ಲ. ಒಂದು ಮಾತಿಗೆ ಹತ್ತು ಮಾತು ಸೇರಿಸಿ, ನಡುವೆ ಮದುವೆಯಾದ ವರ್ಷದ ಸಂಗತಿ ಎಳೆದು ತಂದು, ಕೊನೆಗೆ ಜಗಳ ಯಾತಕ್ಕೆ ಶುರುವಾಯಿತು ಎಂಬುದನ್ನೇ ಮರೆತುಬಿಡುವ ಹೆಂಗಸು. ಇಂಥ ಇಬ್ಬರೂ ಒಮ್ಮೆಲೇ ತಣ್ಣಗಾದರೆ ಯಾರಿಗಾದರೂ ದಿಗಿಲಾಗುವುದೇ. ಪಕ್ಕದ ಮನೆಯ ದ್ಯಾಮವ್ವ ಬಂದು, "ಏನವಾ ಕಸ್ತೂರಿ, ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ಲ?" ಎಂದು ವಿಚಾರಿಸಿ ಹೋದಳು.

ಆರಾಮವಾಗಿಯೇ ಇದ್ದರು. ಇಬ್ಬರ ಕೊರಳಿಗೂ ಪಟ್ಟಿ ಬಂದಿತ್ತು, ಅಷ್ಟೆ.

ಗಂಡ ಹೆಂಡತಿ ಇಬ್ಬರೂ ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದರು. ಕೆಂಪು ಮೆಣಸಿನಕಾಯಿಯ ಚೀಲಗಳನ್ನು ಬಣ್ಣ ಕೆಡದಂತೆ ವರ್ಷಗಟ್ಟಲೆ ತಂಪಿನಲ್ಲಿ ಕಾಯ್ದಿಡುವ ಜಾಗ ಅದು. ಒಂಬತ್ತು ಚೇಂಬರು, ಚೇಂಬರಿಗೊಂದು ಗೋದಾಮಿನಷ್ಟು ವಿಸ್ತಾರ. ಗೋಡೆಯುದ್ದಕ್ಕೂ ಹಾಯ್ದ ಕೊಳವೆಗಳಲ್ಲಿ ಅಮೋನಿಯಾ ಹರಿದು ಒಳಗಿನ ಬಿಸಿಯನ್ನೆಲ್ಲ ಹೀರಿಕೊಂಡು ಹೋಗುತ್ತಿತ್ತು. ಕೊಳವೆಯೊಳಗೆ ಇರುವತನಕ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಹೊರಗೆ ಬಂತೋ, ಕಣ್ಣು, ಗಂಟಲು, ಪುಪ್ಪುಸ, ಎಲ್ಲಿ ಪಸೆ ಇದೆಯೋ ಅಲ್ಲಿಗೆ ನುಗ್ಗಿ ಸುಡುತ್ತದೆ. ಫಕೀರೇಶ ಚೀಲ ಹೊತ್ತು, ಒಂದರ ಮೇಲೊಂದು ಪೇರಿಸಿ ಲಾಟು ಒಟ್ಟುವ ಹಮಾಲ. ಕಸ್ತೂರಿ ಮೊದಲು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವಳು, ಈಗ ಕಂಟ್ರೋಲ್ ರೂಮಿನ ಪರದೆಗಳ ಮುಂದೆ ಕುರ್ಚಿ ಹಾಕಿಕೊಂಡು ಕೂರುವವಳು. ಹಾಗೆ ಕೂರಿಸಿದ್ದೇ ಪಟ್ಟಿ.

ಎರಡು ಬೆರಳಗಲದ, ಚರ್ಮದ ಬಣ್ಣದ ರಬ್ಬರಿನ ಪಟ್ಟಿ. ಡಬ್ಬಿಯ ಮೇಲೆ ಸುಸಂವಾದಿ ಎಂಬ ಹೆಸರಿತ್ತು. ಆದರೆ ಅಷ್ಟುದ್ದದ ಹೆಸರನ್ನು ಯಾರು ಕರೆಯುತ್ತಾರೆ? ಎಲ್ಲರಿಗೂ ಅದು ಬರೀ ಕೊರಳಪಟ್ಟಿ. ಅದರ ಜೊತೆ ಕಿವಿಗಳಿಗೆ ಎರಡು ಗುಂಡಿ, ಅವನ್ನು ಹಾಕಿಕೊಂಡರೆ ಹೊರಗಿನ ಸದ್ದು ಪೂರ್ತಿ ಬಂದ್. ಮಾತಾಡುವವನ ಗಂಟಲಿನ ಅದುರನ್ನು ಪಟ್ಟಿ ಹಿಡಿಯುತ್ತಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಸೋಸುತ್ತಿತ್ತು, ಸೋಸಿದ್ದನ್ನು ಅವನದೇ ದನಿಯಲ್ಲಿ, ಯಾರಿಗೆ ಬೇಕೋ ಅವರ ಕಿವಿಗೆ ಮುಟ್ಟಿಸುತ್ತಿತ್ತು. ಬೈಗುಳ, ಅಳು, ಆಣೆ, ದೂಷಣೆ, ಹೇಳಿದ್ದನ್ನೇ ಹೇಳುವುದು, ಎಲ್ಲ ಜರಡಿಯಲ್ಲೇ ಉಳಿಯುತ್ತಿತ್ತು. ಕೆಲಸಕ್ಕೆ ಬೇಕಾದ ಎರಡು ಸಾಲು ಮಾತ್ರ ಆಚೆ ಬರುತ್ತಿತ್ತು.

ತರಬೇತಿ ಕೊಡಲು ಬಂದಿದ್ದ ಬೆಂಗಳೂರಿನ ಮೇಡಂ ನಗುನಗುತ್ತಾ ಹೇಳಿದ್ದರು: "ಒಂದು ಸಲ ಹೇಳಿದ್ರೆ ಅದು ಮಾಹಿತಿ. ಎರಡನೇ ಸಲ ಹೇಳಿದ್ರೆ ಅದು ಬರೀ ಸದ್ದು. ನಿಮ್ಮ ಪಟ್ಟಿ ಸದ್ದನ್ನ ಯಾರಿಗೂ ಕಳಿಸೋದಿಲ್ಲ, ಲೆಕ್ಕ ಮಾತ್ರ ಇಟ್ಕೊಳ್ಳುತ್ತೆ."

ಮೊದಲು ಕಸ್ತೂರಿಗೆ ಇದು ದೇವರು ಕೊಟ್ಟ ವರದಂತೆ ಕಂಡಿದ್ದು ಸುಳ್ಳಲ್ಲ. ಮ್ಯಾನೇಜರ್ ಪ್ರಾಣೇಶ ಕಟ್ಟಿ ಸಾಹೇಬರು ಹಿಂದೆಲ್ಲ ಬೈದರೆ ಮೂರು ದಿನ ಅನ್ನ ಸೇರುತ್ತಿರಲಿಲ್ಲ. ಈಗ ಗಾಜಿನ ಕ್ಯಾಬಿನ್ನಿನಲ್ಲಿ ಅವರು ಮುಖ ಕೆಂಪಗೆ ಮಾಡಿ ಮೇಜು ಗುದ್ದುತ್ತಿದ್ದರೂ ಅವಳ ಕಿವಿಗೆ ಬರುತ್ತಿದ್ದದ್ದು, "ಕಸ್ತೂರಿ, ನಾಲ್ಕನೇ ಚೇಂಬರಿನ ವರದಿ ಮಧ್ಯಾಹ್ನದೊಳಗೆ ಬೇಕು." ಅವಳು ಹಿಂದೆ ಮುಂದೆ ಸುತ್ತಿ ಹೇಳುತ್ತಿದ್ದ ರಾಮಾಯಣವೂ ಅವರಿಗೆ ಎರಡೇ ಸಾಲಾಗಿ ತಲುಪುತ್ತಿತ್ತು. "ಈಕಿ ಭಾಳ ಸ್ವಚ್ಛ ಮಾತಾಡ್ತಾಳ ನೋಡ್ರಿ" ಎಂದು ಕಟ್ಟಿ ಸಾಹೇಬರೇ ಮೆಚ್ಚಿ ಅವಳನ್ನು ಮೇಲೆ ತಂದರು. ತೊಟ್ಟು ಬಿಡಿಸಿ ಉರಿಯುತ್ತಿದ್ದ ಕೈಗಳಿಗೆ ಅಂದಿನಿಂದ ಉರಿ ಇರಲಿಲ್ಲ. ಅವಳಿಗೆ ಇನ್ನೇನು ಬೇಕಿತ್ತು?

ಪಟ್ಟಿಯನ್ನು ಮನೆಗೆ ತಂದವಳೂ ಅವಳೇ. ಕೆಲಸ ಮುಗಿದ ಮೇಲೆ ಬಿಚ್ಚಿಡಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಒಂದು ಸಂಜೆ ಇಬ್ಬರೂ ಮರೆತು ಹಾಗೇ ಉಂಡು, ಹಾಗೇ ಮಾತಾಡಿ, ಜಗಳವಿಲ್ಲದೆ ಮಲಗಿದರು. ಮರುದಿನ ಕಸ್ತೂರಿ ಬೇಕೆಂದೇ ಬಿಚ್ಚಲಿಲ್ಲ. ಫಕೀರೇಶ ಬಿಚ್ಚಲು ಹೋದಾಗ, "ಇರ್ಲಿ ಬಿಡ್ರಿ, ಓಣ್ಯಾಗ ಮರ್ಯಾದಿ ಉಳದೈತಿ" ಎಂದಳು. ಅವನಿಗೆ ಅದು ಹೇಗೆ ಕೇಳಿಸಿತೋ, ಕೈ ಇಳಿಸಿದ.

ಕೋಲ್ಡ್ ಸ್ಟೋರೇಜಿನಲ್ಲಿ ಅನಾಹುತವಾಗುವುದಕ್ಕೆ ನಾಲ್ಕು ದಿನ ಮೊದಲು ಒಂದು ಸಂಜೆ ಫಕೀರೇಶ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದ. ಕಸ್ತೂರಿ ರೊಟ್ಟಿ ತಟ್ಟುತ್ತಾ ಅವನ ಕಡೆ ನೋಡಿದಳು. ಕೈ ಎತ್ತಿ ಎತ್ತರ ತೋರಿಸುತ್ತಿದ್ದ, ಎರಡೂ ಅಂಗೈ ಜೋಡಿಸಿ ಓಲಿಸುತ್ತಿದ್ದ, ಮತ್ತೆ ಎತ್ತರ ತೋರಿಸುತ್ತಿದ್ದ. ಕಣ್ಣಲ್ಲಿ ನೀರಿದ್ದಂತೆಯೂ ಕಂಡಿತು. ಅವಳ ಕಿವಿಗೆ ಬಂದದ್ದು ಇಷ್ಟು: "ಇವತ್ತು ಕೆಲಸ ಹೆಚ್ಚಿತ್ತು. ದಣಿವಾಗಿದೆ."

"ಉಂಡು ಲಗೂ ಮಲಗ್ರಿ" ಎಂದಳು ಕಸ್ತೂರಿ.

ಅವನು ತಟ್ಟೆ ಎಳೆದುಕೊಂಡು ತಲೆ ತಗ್ಗಿಸಿ ಉಂಡ. ಏನು ಹೇಳಿದನೆಂದು ಬಿಡಿಸಿ ಕೇಳಬೇಕು ಅನ್ನಿಸಿತು ಅವಳಿಗೆ. ಕೇಳಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಹಳೆಯ ಕಥೆ ಎಂದುಕೊಂಡು ರೊಟ್ಟಿ ಮಗುಚಿದಳು.

ಗುರುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಫಕೀರೇಶನೊಬ್ಬನನ್ನು ಬಿಟ್ಟು ಹಮಾಲರೆಲ್ಲ ಊಟಕ್ಕೆ ಹೋಗಿದ್ದರು. ಕಸ್ತೂರಿ ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ಅರ್ಧ ದಿನದ ವರದಿ ತುಂಬುತ್ತಿದ್ದಳು. ಕಿವಿಯಲ್ಲಿ ಗಂಡನ ದನಿ, ಸಮಾಧಾನದ ದನಿ, ಹೊಸದಾಗಿ ಮದುವೆಯಾದವನಂತೆ ಮೆತ್ತಗಿನ ದನಿ:

"ಐದನೇ ಚೇಂಬರಿನಲ್ಲಿ ಚೀಲಗಳು ಜಾರಿವೆ. ಕೊಳವೆಯಲ್ಲಿ ಸ್ವಲ್ಪ ಸೋರಿಕೆ ಇದೆ. ಅನುಕೂಲವಾದಾಗ ಯಾರನ್ನಾದರೂ ಕಳಿಸಿ."

ಸೋರಿಕೆ ಎಂದರೆ ಸಣ್ಣ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಪರದೆಯ ಮೇಲೆ ಐದರ ಅನಿಲದ ಅಂಕಿ ನೋಡಿದಳು. ಹಸಿರಿನಲ್ಲೇ ಇತ್ತು. ಅದನ್ನು ಅಳೆಯುವ ಸೆನ್ಸರು ಬಾಗಿಲ ಮೇಲಿತ್ತು, ಬಾಗಿಲಿಗೂ ಹಿಂದಿನ ಗೋಡೆಗೂ ನಡುವೆ ಚೀಲಗಳ ಬೆಟ್ಟವೇ ಇತ್ತು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ. ಊಟ ಮುಗಿಸಿ ಮೆಕ್ಯಾನಿಕ್ ಬಂದ ಕೂಡಲೇ ಕಳಿಸಿದರಾಯಿತು ಎಂದುಕೊಂಡಳು.

"ಆತು, ಲಿಸ್ಟಿಗೆ ಹಾಕೀನಿ" ಎಂದಳು. ಮತ್ತೆ ವರದಿಗೆ ಬಗ್ಗಿದಳು.

ಗಂಡನಿಂದ ಇನ್ನೊಂದು ಮಾತು ಬರಲಿಲ್ಲ. ಆರು ನಿಮಿಷದ ಮೇಲೆ ವರದಿ ಕಳಿಸಲು ಹೋದಾಗ ಪರದೆಯ ಬಲಮೂಲೆಗೆ ಅವಳ ಕಣ್ಣು ಹೋಯಿತು. ಅಲ್ಲೊಂದು ಸಣ್ಣ ಕಾಲಮ್ಮಿತ್ತು. ಮೇಡಂ ಅದನ್ನು ನೋಡುವ ಅಗತ್ಯವೇ ಇಲ್ಲ ಎಂದು ಹೇಳಿಕೊಟ್ಟಿದ್ದರು. ಫಕೀರೇಶ ಬಣಕಾರ, ಪುನರುಕ್ತಿ: ನೂರಾ ನಲವತ್ತು.

ಯಂತ್ರ ಕೆಟ್ಟಿರಬೇಕು ಅಂದುಕೊಂಡಳು. ನೋಡುತ್ತಿದ್ದಂತೆಯೇ ಅದು ನೂರಾ ನಲವತ್ತೊಂದಾಯಿತು, ನೂರಾ ನಲವತ್ತೆರಡಾಯಿತು. ಕೈ ತಾನಾಗಿಯೇ ಐದನೇ ಚೇಂಬರಿನ ಕ್ಯಾಮರಾ ತೆಗೆಯಿತು.

ಬಿಳೀ ಹೊಗೆ. ಹೊಗೆಯ ಅಡಿಯಲ್ಲಿ ಕುಸಿದ ಲಾಟು, ಲಾಟಿನ ಕೆಳಗೆ ಸಿಕ್ಕಿಕೊಂಡ ಎರಡು ಕಾಲು, ಆ ಕಾಲುಗಳ ಮನುಷ್ಯ ಅವಳ ಗಂಡ. ಮೊಣಕೈ ಊರಿ ಎದ್ದು ಕ್ಯಾಮರಾದ ಕಡೆ ಮುಖ ಮಾಡಿದ್ದ. ಬಾಯಿ ಹರಿದುಹೋಗುವಷ್ಟು ತೆರೆದಿತ್ತು. ಕೊರಳಿನ ನರಗಳು ಪರದೆಯಲ್ಲೂ ಕಾಣುತ್ತಿದ್ದವು. ಕಸ್ತೂರಿಯ ಕಿವಿಯಲ್ಲಿ ಮಾತ್ರ ಒಂದು ಚೂರೂ ಸದ್ದಿಲ್ಲ.

ಅವಳು ಚೀರಿದಳು. ಏನೆಂದು ಚೀರಿದಳೋ ಅವಳಿಗೇ ತಿಳಿಯದು. "ಸಾಹೇಬ್ರ, ಸಾಯಾಕತ್ತಾರ್ರಿ, ನನ್ನ ಗಂಡ ಸಾಯಾಕತ್ತಾರ್ರೀ!" ಎಂದು ಗಾಜಿನಾಚೆಯ ಕ್ಯಾಬಿನ್ನಿಗೆ ಕೈ ಚಾಚಿ ಕೂಗಿದಳು. ಕಟ್ಟಿ ಸಾಹೇಬರು ಫೈಲಿನಿಂದ ತಲೆ ಎತ್ತದೆಯೇ ಹೆಬ್ಬೆರಳು ಎತ್ತಿ ತೋರಿಸಿದರು. ಮತ್ತೆ ಕೂಗಿದಳು. ಈ ಸಲ ಅವರ ಹೆಬ್ಬೆರಳೂ ಏಳಲಿಲ್ಲ. ಪರದೆಯ ಮೂಲೆಯಲ್ಲಿ ಹೊಸದೊಂದು ಸಾಲು ಮೂಡಿತು: ಕಸ್ತೂರಿ ಬಣಕಾರ, ಪುನರುಕ್ತಿ: ಒಂದು.

ಪಟ್ಟಿಯನ್ನು ಕಿತ್ತು ಎಸೆದಳು. ಗುಂಡಿಗಳನ್ನೂ ಎಳೆದು ಬಿಸಾಡಿದಳು. ಎಂಟು ತಿಂಗಳಿಂದ ಕೇಳದಿದ್ದ ಕಂಪ್ರೆಸರುಗಳ ಆರ್ಭಟ ಒಮ್ಮೆಗೇ ಕಿವಿಗೆ ನುಗ್ಗಿ ತಲೆ ಗಿರ್ರೆಂದಿತು. ಕಟ್ಟಿ ಸಾಹೇಬರ ಕ್ಯಾಬಿನ್ನಿಗೆ ಮೆಟ್ಟಿಲು ಹತ್ತಿ ಹೋಗಿ ತಿಳಿಸಿ ಹೇಳುವಷ್ಟು ಹೊತ್ತಿರಲಿಲ್ಲ. ಕೆಳಗೆ ಓಡಿದಳು. ತೊಟ್ಟು ಬಿಡಿಸುವ ಹಾಲಿನಲ್ಲಿ ನಲವತ್ತು ಹೆಂಗಸರು ಸಾಲಾಗಿ ಕೂತು ಕೆಲಸ ಮಾಡುತ್ತಿದ್ದರು. ಅವರ ನಡುವೆ ಕೂಗುತ್ತಾ ಓಡಿದಳು, "ಗ್ಯಾಸ್ ಬಿಟ್ಟೈತಿ, ಎದ್ದೇಳ್ರೇ, ಎದ್ದೇಳ್ರೇ!" ಒಂದಿಬ್ಬರು ತಲೆ ಎತ್ತಿ ಅವಳನ್ನು ನೋಡಿ ನಕ್ಕು ಮತ್ತೆ ಕೆಲಸಕ್ಕೆ ಬಗ್ಗಿದರು. ಪಟ್ಟಿ ಇಲ್ಲದವಳ ಮಾತು ಅವರಿಗೆ ಮುಟ್ಟುವ ಹಾದಿಯೇ ಇರಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಅವಳು ಯಾವತ್ತೂ ಇರಲಿಲ್ಲ.

ಮೆಕ್ಯಾನಿಕ್ ಮಕಬೂಲಸಾಬರು ಮಷೀನು ಕೋಣೆಯ ಹೊಸ್ತಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಕಸ್ತೂರಿ ಹೋದವಳೇ ಅವರ ಕಿವಿಯ ಗುಂಡಿ ಕಿತ್ತು, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಗೇ ಬಾಯಿಟ್ಟು ಕೂಗಿದಳು: "ಚಾಚಾ, ಐದನೇದ್ರಾಗ ಗ್ಯಾಸು! ಅವರು ಒಳಗದಾರ, ಒಳಗದಾರ, ಒಳಗದಾರ!"

ಮೂರನೇ ಸಲಕ್ಕೆ ಅವರು ಬುತ್ತಿ ಒದ್ದು ಎದ್ದಿದ್ದರು. "ಆ ಕೆಂಪು ಚಕ್ರ ತಿರುವು ಬೇಟಿ, ಬಲಕ್ಕ, ನಿಲ್ಲೋತನಾ ತಿರುವು" ಎಂದು ಕೊಳವೆಯ ಮೇಲಿನ ವಾಲ್ವ್ ತೋರಿಸಿ, ಮೊಳೆಗೆ ತೂಗುಹಾಕಿದ್ದ ಮುಖವಾಡ ಕಿತ್ತುಕೊಂಡು ಓಡಿದರು. ಕಸ್ತೂರಿ ತಿರುವಿದಳು. ಅಂಗೈ ಸುಲಿಯಿತು, ಆದರೂ ಚಕ್ರ ನಿಲ್ಲುವತನಕ ತಿರುವಿದಳು. ಆಮೇಲೆ ಐದನೇ ಚೇಂಬರಿನ ಬಾಗಿಲಿಗೆ ಹೋದಾಗ, ಮಕಬೂಲಸಾಬರು ಗೋಣಿತಟ್ಟಿನ ಮೇಲೆ ಅವನನ್ನು ಎಳೆದು ತರುತ್ತಿದ್ದರು. ಅವನ ತುಟಿಗಳು ಇನ್ನೂ ಅಲುಗುತ್ತಿದ್ದವು. ದನಿ ಇರಲಿಲ್ಲ.

ಜೀವ ಉಳಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನೇ ದೊಡ್ಡದಾಗಿ ಹೇಳಿದರು. ಕಣ್ಣಿನ ಮಾತು ಈಗಲೇ ಹೇಳಲಾಗದು, ಬ್ಯಾಂಡೇಜು ಬಿಚ್ಚಿದ ಮೇಲೆ ನೋಡೋಣ. ಗಂಟಲೊಳಗಿನ ತಂತುಗಳು ಮಾತ್ರ ಸುಟ್ಟುಹೋಗಿವೆ, ದನಿ ಮರಳುವುದಿಲ್ಲ.

ಕಸ್ತೂರಿ ಅವನ ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹನ್ನೆರಡು ದಿನ ಕೂತಳು. ಬೇರೆ ಯಾವ ನೋವಿಗಿಂತಲೂ ಹೆಚ್ಚಾಗಿ ಒಂದು ನೆನಪು ಅವಳನ್ನು ತಿನ್ನುತ್ತಿತ್ತು. ಅವನು ಕಾಲು ಸಿಕ್ಕಿಕೊಂಡು, ಕಣ್ಣು ಸುಡುತ್ತಾ ಹೆಂಡತಿಯನ್ನು ಕೂಗಿದಾಗ, ಅವನ ಕಿವಿಗೆ ಹೋದದ್ದು ತನ್ನ ದನಿಯಲ್ಲಿ "ಆತು, ಲಿಸ್ಟಿಗೆ ಹಾಕೀನಿ." ಅದನ್ನು ಕೇಳಿದ ಮೇಲೂ ನೂರಾ ನಲವತ್ತು ಸಲ ಕೂಗಿದನಲ್ಲ! ಅದನ್ನು ನೆನೆದರೆ ಎದೆ ಒಡೆಯುತ್ತಿತ್ತು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು, ಅವನಿಗೆ ಕೇಳಿಸಬಾರದೆಂದು. ಅವನ ಕಿವಿಗಳು ಮಾತ್ರ ನೆಟ್ಟಗಿದ್ದವು.

ಕಟ್ಟಿ ಸಾಹೇಬರೂ ಬಂದರು, ಪಟ್ಟಿ ಇಲ್ಲದ ಬರೀ ಕೊರಳಲ್ಲಿ. ಜೇಬಿನಿಂದ ಫೋನು ತೆಗೆದು ಅವಳಿಗೆ ಹಿಡಿದರು. ಅಂದು ಅವಳು ಗಾಜಿನಾಚೆಯಿಂದ ಚೀರಿದ್ದು ಅಲ್ಲಿ ಅಕ್ಷರವಾಗಿ ಕೂತಿತ್ತು: "ಐದನೇ ಚೇಂಬರಿನ ಕಡೆ ತಮ್ಮ ಗಮನ ಇರಲಿ. ಧನ್ಯವಾದ."

"ನಂಗ ಬಂದದ್ದು ಇಷ್ಟ ಅದ ನೋಡು ತಂಗಿ. ನಾ ಏನ್ ಮಾಡ್ಲಿ ಹೇಳು" ಎಂದರು.

ಅವಳಿಗೆ ಸಿಟ್ಟು ಬರಲಿಲ್ಲ. "ಇವರು ನಿಮಗ ಮೊದ್ಲ ಏನರ ಹೇಳಿದ್ರಾ ಸಾಹೇಬ್ರ?" ಎಂದು ಮಾತ್ರ ಕೇಳಿದಳು. ಕಟ್ಟಿ ಸಾಹೇಬರು ಕಿಟಕಿಯ ಕಡೆ ನೋಡಿದರು. ಲಾಟಿನ ಎತ್ತರದ ಬಗ್ಗೆ ಒಂದು ಸಲಹೆ ಬಂದಿತ್ತು, ಒಂದೇ ಒಂದು, ಎರಡು ಸಾಲಿನದು. ಸುಗ್ಗಿಯ ಗಡಿಬಿಡಿಯಲ್ಲಿ ನೋಡೋಣ ಎಂದು ಬಿಟ್ಟೆ ಎಂದರು. ಆಮೇಲೆ ಅಷ್ಟೇ ಮೆಲ್ಲಗೆ, ಅದರ ಪುನರುಕ್ತಿಯ ಕಾಲಮ್ಮನ್ನು ನಿನ್ನೆಯಷ್ಟೇ ತೆಗೆದು ನೋಡಿದೆ, ಅರವತ್ತಾರು ಇತ್ತು ಎಂದರು. ಅವಳಿಗೆ ಕಟ್ಟೆಯ ಮೇಲೆ ಕೂತು ಅಂಗೈ ಓಲಿಸಿದ ಗಂಡ ಕಣ್ಣ ಮುಂದೆ ಬಂದ.

"ಇದನ್ನ ತನಿಖಿಯವರ ಮುಂದ ಹೇಳ್ತೀರಿ?" ಎಂದಳು.

ಸಾಹೇಬರು ಫೋನು ಜೇಬಿಗಿಟ್ಟುಕೊಂಡರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದೇನೋ ಅಂದು, ಬಾಳೆಹಣ್ಣಿನ ಚೀಲ ಮಂಚದ ಮೇಲಿಟ್ಟು ಹೋದರು.

ಮರುದಿನ ಸುಸಂವಾದಿಯ ಕಂಪನಿಯವರು ಹೊಸ ಪಟ್ಟಿ ಕಳಿಸಿದರು. ದನಿಯೇ ಬೇಡ, ಗಂಟಲಿನ ಸ್ನಾಯು ಅಲುಗಿದರೆ ಸಾಕು, ಓದಿಕೊಂಡು ಅವನದೇ ಹಳೆಯ ದನಿಯಲ್ಲಿ ಮಾತಾಡುತ್ತದೆ. ಚಿಕ್ಕದೊಂದು ಸ್ಪೀಕರೂ ಇತ್ತು. ನರ್ಸ್ ಅದನ್ನು ಕಟ್ಟಿದಾಗ ಕಸ್ತೂರಿ ಹಾಸಿಗೆಯ ಕಂಬಿ ಹಿಡಿದು ನಿಂತಳು. ಫಕೀರೇಶನ ತುಟಿ ಅಲುಗಿತು, ಗಂಟಲು ಏರಿಳಿಯಿತು, ಬಹಳ ಹೊತ್ತು ಏರಿಳಿಯಿತು. ಸ್ಪೀಕರು ಹೇಳಿತು: "ನಾನು ಚೆನ್ನಾಗಿದ್ದೇನೆ. ಎಲ್ಲರಿಗೂ ಧನ್ಯವಾದ."

ಅದೇ ಮಧ್ಯಾಹ್ನ ತನಿಖೆಯ ಅಧಿಕಾರಿ ಬಂದರು. ಮೈಸೂರು ಕಡೆಯ, ಸೌಮ್ಯ ಮುಖದ, ಐವತ್ತರ ಆಸುಪಾಸಿನ ಮನುಷ್ಯ. ಅವರ ಕೊರಳಲ್ಲೂ ಪಟ್ಟಿ, ಕಿವಿಯಲ್ಲೂ ಗುಂಡಿ, ಅದೂ ಪಟ್ಟಿ ಇಲ್ಲದವರ ಮಾತನ್ನೂ ಹಿಡಿದು ಸೋಸುವ ಹೊಸ ನಮೂನೆಯದು. ಈಗ ಯಾವ ಆಫೀಸಿನಲ್ಲಿ ಇಲ್ಲ? ಹಾಸಿಗೆಯ ಪಕ್ಕ ಕೂತು, ಫಾರಮ್ಮು ಹರಡಿಕೊಂಡು ಕೇಳಿದರು: "ಫಕೀರೇಶ ಅವ್ರೆ, ಅವತ್ತು ಏನಾಯ್ತು, ನಿಧಾನವಾಗಿ ಹೇಳಿ."

ಕಸ್ತೂರಿ ಗಂಡನ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನು ಹೇಳತೊಡಗಿದ. ಹಣೆಯ ಮೇಲೆ ಬೆವರು ಬಂತು, ಕೊರಳು ಉಬ್ಬಿತು, ಬ್ಯಾಂಡೇಜಿನ ಕೆಳಗಿನಿಂದ ನೀರು ಇಳಿಯಿತು. ನಾಲ್ಕೈದು ನಿಮಿಷ ಆ ತುಟಿಗಳು ನಿಲ್ಲಲಿಲ್ಲ. ಸ್ಪೀಕರಿನಿಂದ ಬಂದ ಅವನ ದನಿ ಹೇಳಿತು: "ಚೀಲಗಳು ಆಕಸ್ಮಿಕವಾಗಿ ಜಾರಿದವು. ಯಾರದೂ ತಪ್ಪಿಲ್ಲ."

"ಸರಿ" ಎಂದು ಅಧಿಕಾರಿ ಬರೆದುಕೊಂಡರು.

"ಅದಲ್ರಿ!" ಎಂದಳು ಕಸ್ತೂರಿ. "ಅವರು ಹಂಗ ಅಂದಿಲ್ಲ. ಇಷ್ಟೊತ್ತನಾ ಬಾಯಿ ಬಡಕೊಂಡಿದ್ದು ಎರಡ ಮಾತಿಗೇನ್ರಿ? ಲಾಟಿನ ಎತ್ತರದ ಸಂಬಂಧ ಅರವತ್ತಾರು ಸಲ ಹೇಳ್ಯಾರ್ರಿ! ಆ ಹಾಳ ಪಟ್ಟಿ ಸುಳ್ಳ ಹೇಳತೈತ್ರಿ, ನಿಮ್ಮ ಕಾಲಿಗಿ ಬೀಳ್ತೀನಿ, ಬರೀಬ್ಯಾಡ್ರಿ, ಬರೀಬ್ಯಾಡ್ರಿ!"

ಅಧಿಕಾರಿ ಪೆನ್ನು ನಿಲ್ಲಿಸಿ, ಬಹಳ ಮರ್ಯಾದೆಯಿಂದ ಅವಳ ಕಡೆ ತಿರುಗಿ ನಕ್ಕರು. "ಪರವಾಗಿಲ್ಲಮ್ಮ, ಇದು ನನ್ನ ಕರ್ತವ್ಯ. ನಿಮ್ಮ ಸಹಕಾರಕ್ಕೆ ನಾನೇ ಥ್ಯಾಂಕ್ಸ್ ಹೇಳ್ಬೇಕು."

ಕಸ್ತೂರಿ ಎದ್ದಳು. ಗಂಡನ ಕೈ ಬಿಡದೆ, ಇನ್ನೊಂದು ಕೈ ಚಾಚಿ ಅಧಿಕಾರಿಯ ಕಿವಿಯ ಗುಂಡಿಗಳನ್ನು ಒಂದಾದ ಮೇಲೊಂದು ಕಿತ್ತಳು. ಅವರು ಬೆಚ್ಚಿ ಕುರ್ಚಿಯಲ್ಲೇ ಹಿಂದಕ್ಕೆ ಸರಿದರು. ವಾರ್ಡಿನ ಕೆಮ್ಮು, ನರಳಾಟ, ಟ್ರಾಲಿಗಳ ಸದ್ದು ಒಮ್ಮೆಲೇ ಅವರ ಮೇಲೆ ಬಿದ್ದಿರಬೇಕು.

"ಏನಮ್ಮಾ ಇದು! ಯಾಕ್ ಹಿಂಗೆ ಮಾಡ್ತಿದೀರಿ?"

"ಅವರು ಹೇಳಿದ್ದು ಅದಲ್ರಿ" ಎಂದಳು. ಈ ಸಲ ಕೂಗಲಿಲ್ಲ, ಕೂಗಲು ಅವಳಲ್ಲಿ ಬಲವೂ ಉಳಿದಿರಲಿಲ್ಲ.

"ಅವ್ರದೇ ಧ್ವನಿ ಅಲ್ವೇನಮ್ಮ? ನಾನೇ ಕೇಳಿದೆನಲ್ಲ."

"ದನಿ ಅವರದ್ರಿ. ಮಾತಲ್ಲ."

"ಹಾಗಾದ್ರೆ ಏನಂದ್ರು?"

ಕಸ್ತೂರಿ ಗಂಡನ ತುಟಿ ನೋಡಿದಳು. ಹದಿನಾಲ್ಕು ವರ್ಷ ಅವನ ಜೊತೆ ಬಾಳಿದವಳು, ಅವನ ಬೈಗುಳಗಳನ್ನು ಅವನಿಗಿಂತ ಮೊದಲೇ ಊಹಿಸುತ್ತಿದ್ದವಳು. ಈಗ ಒಂದು ಶಬ್ದವನ್ನೂ ಓದಲಾಗಲಿಲ್ಲ. "ನಂಗೂ ಗೊತ್ತಿಲ್ರಿ" ಎಂದಳು. ಹೇಳುವಾಗ ನಾಚಿಕೆಯಿಂದ ಸತ್ತೇಹೋದಳು.

ಅಧಿಕಾರಿ ನಿಟ್ಟುಸಿರು ಬಿಟ್ಟು ಗುಂಡಿಗಾಗಿ ನೆಲದ ಕಡೆ ಬಗ್ಗಿದರು. ಕಸ್ತೂರಿ ಗಂಡನ ಕೊರಳಿನಿಂದ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಳು. ಅವನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು:

"ರೀ, ನಾ ಕಸ್ತೂರಿ. ಯಾರದೂ ತಪ್ಪಿಲ್ಲ ಅಂತ ಹೇಳಿದ್ರೇನು ನೀವು? ಹೌದಾದ್ರ ಕೈ ಸುಮ್ನ ಇಡ್ರಿ. ಅಲ್ಲಾದ್ರ ನನ್ನ ಕೈ ಒತ್ರಿ."

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬೆರಳುಗಳು ಬಿಗಿದವು, ಸಡಿಲಾದವು. ಮತ್ತೆ ಬಿಗಿದವು. ಚಕ್ರ ತಿರುವಿ ಸುಲಿದಿದ್ದ ಅವಳ ಅಂಗೈಯಲ್ಲಿ ಎಳೆ ಚರ್ಮ ಬಿರಿದು ಉರಿಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

ಅಧಿಕಾರಿ ಬಗ್ಗಿದವರು ಹಾಗೇ ತಲೆ ಎತ್ತಿ ಆ ಎರಡು ಕೈಗಳನ್ನು ನೋಡಿದರು. ಗುಂಡಿ ಹುಡುಕುವುದನ್ನು ಬಿಟ್ಟು ನೆಟ್ಟಗೆ ಕೂತರು. ಬರೆದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದು, ಪೆನ್ನು ಹಿಡಿದುಕೊಂಡೇ ಕೇಳಿದರು:

"ಎಷ್ಟು ಸಲ ಒತ್ತಿದ್ರಮ್ಮ?"

"ಇನ್ನೂ ಒತ್ತಾಕತ್ತಾರ್ರಿ" ಎಂದಳು ಕಸ್ತೂರಿ.